ಈಶಾನ್ಯ ಮೂಲೆಯ ಒಂಬತ್ತು ಮೀನು

ಉಚ್ಚಿಲ,
14 ನವೆಂಬರ್ 2024

ಪ್ರೀತಿಯ ನಿಮಗೆ, ನಳಿನಾಕ್ಷಿ ಮಾಡುವ ನಮಸ್ಕಾರಗಳು.

ಎದೆನೋವು ಹೇಗಿದೆ? ದೀಪಾವಳಿಯ ಮರುದಿನ ಫೋನಿನಲ್ಲಿ ಬಾಯಿತಪ್ಪಿ ಹೇಳಿದಿರಿ, ಕೂಡಲೇ ಗ್ಯಾಸ್ ಎಂದು ನಕ್ಕಿರಿ. ಪರೀಕ್ಷೆ ಮಾಡಿಸಿದ್ದೇನೆ ಎಂದವರು ಆಮೇಲೆ ರಿಪೋರ್ಟಿನ ಸುದ್ದಿಯನ್ನೇ ಎತ್ತುವುದಿಲ್ಲ. ಕೇಳೋಣವೆಂದರೆ ಫೋನು ಯಾವಾಗಲೂ ಸ್ಪೀಕರಿನಲ್ಲಿ, ಪಕ್ಕದಲ್ಲಿ ನಿಮ್ಮ ಅಮ್ಮ. ಮೆಸೇಜು ಹಾಕಿದರೆ ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾಗುತ್ತೀರಿ. ಅದಕ್ಕೇ ಈ ಕಾಗದ. ನಿಮ್ಮ ಕಂಪನಿಯ ರೋನಿ ರಜೆ ಮುಗಿಸಿ ಶಿರ್ವದಿಂದ ಕುವೈತಿಗೆ ಹೊರಟಿದ್ದಾನೆ, ಉಪ್ಪಿನಕಾಯಿಯ ಜೊತೆ ಇದನ್ನೂ ಅವನ ಕೈಯಲ್ಲಿ ಕೊಡುತ್ತೇನೆ. ಇಲ್ಲಿ ಎಲ್ಲರೂ ಕ್ಷೇಮ. ಅತ್ತೆಯ ಮೊಣಕಾಲು ಇದ್ದ ಹಾಗೆಯೇ ಇದೆ. ನನಗೆ ಮಾತ್ರ ಸಾಕಾಗಿಹೋಗಿದೆ, ಆ ಮೀನುಗಳ ದೆಸೆಯಿಂದ.

ನಿಮಗೆ ಗೊತ್ತಿರುವುದು ಅರ್ಧ ಕಥೆ. ವಾಸ್ತುವಿನವರು ಹೇಳಿದರೆಂದು ಹಾಲಿನ ಈಶಾನ್ಯ ಮೂಲೆಯಲ್ಲಿ ಎಂಟು ಕೆಂಪು, ಒಂದು ಕಪ್ಪು ಗೋಲ್ಡ್ ಫಿಶ್ ಇಟ್ಟು ನೀವು ವಿಮಾನ ಹತ್ತಿದಿರಿ. ಕಿಟಕಿಗೂ ಟೀವಿಗೂ ನಡುವೆ ಹಿಡಿಸಿದ್ದು ಇಡ್ಲಿ ಬೇಯಿಸುವ ಪಾತ್ರೆಗಿಂತ ತುಸು ದೊಡ್ಡ ಟ್ಯಾಂಕ್. ಒಂದೊಂದಾಗಿ ಸಾಯತೊಡಗಿದವು. ಮಾವನ ಕಾಲದಿಂದ ದೋಣಿ ತುಂಬ ಬಂಗುಡೆ ದಡಕ್ಕೆ ತಂದ ಮನೆ ನಮ್ಮದು, ಸತ್ತ ಮೀನು ಕಂಡು ಇಲ್ಲಿ ಯಾರೂ ಅತ್ತವರಲ್ಲ. ಅತ್ತೆಯೂ ಅಳಲಿಲ್ಲ, ದೀಪ ಹಚ್ಚಿದರು. ನನ್ನ ಮಗ ರಘುವಿಗೆ ಬರಬೇಕಾದ್ದು ಮೀನಿಗೆ ಹೋಯಿತು ಎಂದು ಅವರಿಗೆ ಸಮಾಧಾನ. ಪ್ರತಿಸಲವೂ ತೆಂಗಿನ ಬುಡದಲ್ಲಿ ಹೂಳಿ, ಉಡುಪಿಗೆ ಬಸ್ಸು ಹತ್ತಿ ಇನ್ನೊಂದು ತರುವ ಕೆಲಸ ನನ್ನದು. ನೀವೂ ಅಲ್ಲಿ ಗಟ್ಟಿಮುಟ್ಟಾಗಿದ್ದಿರಿ, ಇನ್ನು ನಾನು ಯಾವ ಬಾಯಿಯಲ್ಲಿ ವಾದಿಸಲಿ?

ಕೊನೆಗೆ ಅಂಗಡಿಯ ಶ್ರೇಯಾ ನನಗೆ ಮೀನು ಮಾರುವುದಿಲ್ಲ ಎಂದಳು. ಅಷ್ಟು ಸಣ್ಣ ಟ್ಯಾಂಕಿನಲ್ಲಿ ಅವುಗಳ ಹೊಲಸೇ ಅವುಗಳಿಗೆ ವಿಷವಾಗಿ ಕಿವಿರು ಸುಡುತ್ತದಂತೆ. ಟ್ಯಾಂಕಿಗೆ ತಕ್ಕಷ್ಟೇ ಮೀನು ಬೆಳೆಯುತ್ತದೆ ಎನ್ನುವುದೂ ಸುಳ್ಳು, ಮೈ ಮುರುಟಿ ಬೇಗ ಸಾಯುತ್ತದಂತೆ. ಸರಿ, ಟೀವಿಯನ್ನು ಎದುರು ಗೋಡೆಗೆ ಸರಿಸಿ, ಅದೇ ಮೂಲೆಗೆ ನಾಲ್ಕಡಿಯ ಟ್ಯಾಂಕ್ ತರಿಸಿದೆ. ಅತ್ತೆಗೂ ಖುಷಿ, ಬಂದವರಿಗೆಲ್ಲ ಕರೆದು ತೋರಿಸಿದರು. ಮಳೆಗಾಲ ಕಳೆದರೂ ಒಂದು ಮೀನೂ ಸಾಯಲಿಲ್ಲ. ಎಲ್ಲವೂ ಅಂಗೈಯಷ್ಟಾಗಿ, ಬಣ್ಣ ಏರಿ, ಬಾಲ ಬೀಸಿಕೊಂಡು ತಿರುಗಾಡುತ್ತಿವೆ. ಆ ಕಪ್ಪಿನದ್ದು ನಾನು ಗಾಜಿನ ಹತ್ತಿರ ಹೋದರೆ ಸಾಕು, ಎದುರು ಬಂದು ನಿಲ್ಲುತ್ತದೆ. ನನಗೂ ಅದರ ಮೇಲೆ ಮಮತೆ ಬಂದುಬಿಟ್ಟಿದೆ.

ಆದರೆ ಮೀನು ಗಟ್ಟಿಯಾದಷ್ಟೂ ಅತ್ತೆ ಸೊರಗಿದರು. ಊಟ ಸೇರುವುದಿಲ್ಲ, ಮಹಾಲಕ್ಷ್ಮಿಗೆ ಹರಕೆಯ ಮೇಲೆ ಹರಕೆ. ನಿಮ್ಮ ಎದೆನೋವಿನ ಮಾತು ಕೇಳಿದ ಮರುದಿನ ನಾನು ಪಡುಬಿದ್ರಿಯಿಂದ ಬರುವಾಗ ಹಿತ್ತಿಲಲ್ಲಿದ್ದ ಹಳೆಯ ಟ್ಯಾಂಕ್ ಜಗಲಿಯಲ್ಲಿತ್ತು. ಅದರೊಳಗೆ ಮೂರು ಕೆಂಪು ಮೀನು, ನೀರಿನ ಮೇಲೆ ಬಾಯಿ ತೆರೆಯುತ್ತಿದ್ದವು. ಎಂತ ಇದು ಎಂದು ಕೇಳಿದೆ. ಅತ್ತೆ ಮುಚ್ಚಿಡಲಿಲ್ಲ. "ಒಂದು ಹೋದರೆ ಹೋಗಲಿ ಮಾರಾಯ್ತಿ. ಎಲ್ಲವೂ ಬದುಕಿ ಕೂತರೆ ಅವನ ಮೇಲೆ ಬರುವುದನ್ನು ತಡೆಯಲಿಕ್ಕೆ ಯಾರುಂಟು?" ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ವಾಸ್ತುವಿನವರಿಗೂ ಬೈದೆ, ನಿಮಗೂ ಬೈದೆ, ಮೀನುಗಳನ್ನು ಎತ್ತಿ ದೊಡ್ಡ ಟ್ಯಾಂಕಿಗೆ ಬಿಟ್ಟೆ. ಅಂದಿನಿಂದ ಅತ್ತೆ ನನ್ನೊಡನೆ ಮನಸ್ಸು ಬಿಚ್ಚಿ ಮಾತನಾಡುತ್ತಿಲ್ಲ. ತಿಳಿಹೇಳಿ ತಿಳಿಹೇಳಿ ನಾನು ಸೋತಿದ್ದೇನೆ. ಮೀನು ಸಾಯುವುದು ನೀರು ಸಾಲದೆ, ನಿಮ್ಮ ಗ್ರಹಚಾರ ಹೊತ್ತುಕೊಂಡಲ್ಲ ಎಂದು ನೀವಾದರೂ ಅವರಿಗೆ ಹೇಳಿ.

ಹೊತ್ತಿಗೆ ಸರಿಯಾಗಿ ಉಣ್ಣಿ, ಓವರ್‌ಟೈಮ್ ಎಂದು ನಿದ್ದೆಗೆಡಬೇಡಿ. ನಿಮ್ಮ ಅಮ್ಮನ ಆಶೀರ್ವಾದ ನಿಮ್ಮ ಮೇಲೆ ಎಷ್ಟಿದೆ ಎಂದು ಇನ್ನು ಬೇರೆ ಬರೆಯಬೇಕಾಗಿಲ್ಲ.

ಇಂತಿ ನಿಮ್ಮ
ನಳಿನಾಕ್ಷಿ

ವಿ.ಸೂ.: ರೋನಿ ಬೈಕಿನಲ್ಲೇ ಕೂತು ಕಾಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ರಿಪೋರ್ಟ್ ಏನೇ ಇರಲಿ, ಅತ್ತೆಗೆ ಬೇಡ, ನನಗೆ ಹೇಳಿ. ಸೋಮವಾರ ಎಷ್ಟು ಕರೆ ಮಾಡಿದರೂ ನೀವು ಫೋನ್ ಎತ್ತಲಿಲ್ಲ. ಮರುದಿನ ಮಾತನಾಡಿದಿರಿ, ಆದರೆ ಆ ದನಿ ನಿಮ್ಮದಾಗಿರಲಿಲ್ಲ. ಸೋಮವಾರ ಸಂಜೆಯೇ ಆ ಕಪ್ಪು ಮೀನನ್ನು ಹಳೆಯ ಟ್ಯಾಂಕಿಗೆ ಹಾಕಿದೆ. ಅತ್ತೆಯಲ್ಲ, ನಾನು. ಅವರು ಬಂದು ನೋಡಿದರು, ನನ್ನ ಪಕ್ಕದಲ್ಲಿ ಕುಳಿತರು. ಮೀನು ಇನ್ನೂ ಉಸಿರಾಡುತ್ತಿದೆ. ಹೊರಗೆ ತೆಗೆಯಲು ನನಗೆ ಧೈರ್ಯ ಬರುತ್ತಿಲ್ಲ.