ಕುವೈತಿಗೆ ಹೊಸ ಭತ್ತ

ಸೆಪ್ಟೆಂಬರ್ 2, ಸೋಮವಾರ. ಬೆಳಿಗ್ಗೆ 9:20

ವ್ಯಾನಿನ ಮಕ್ಕಳನ್ನು ಶಾಲೆಗೆ ಬಿಟ್ಟು ಬಂದೆ. ಮಳೆ ಇರಲಿಲ್ಲ. ವ್ಯಾನಿನ ಹಿಂದಿನ ಬಾಗಿಲು ಸರಿಯಾಗಿ ಹಾಕಲು ಆಗುತ್ತಿಲ್ಲ, ಗ್ಯಾರೇಜಿಗೆ ಕೊಡಬೇಕು. ಬಿಜೈಯಲ್ಲಿ ಹತ್ತುವ ಅವಳಿ ಮಕ್ಕಳಲ್ಲಿ ಚಿಕ್ಕವಳು ಮುಂದಿನ ಸೀಟಿಗೆ ಹತ್ತಲು ನೋಡಿದಳು. ಬೇಡ ಅಂದೆ.

"ಅಲ್ಲಿ ಯಾರೂ ಇಲ್ಲ ಅಲ್ವಾ ಅಂಕಲ್?"

ಹೌದು, ಯಾರೂ ಇಲ್ಲ. ಜೊವಿಟಾಳ ಸೀಟು ಅದು. ಪಿಯುಸಿಗೆ ಸೇರಿದ ಮೇಲೂ ಅಲ್ಲೇ ಕೂತು ಬರುತ್ತಿದ್ದಳು. ಜುಲೈಯಲ್ಲಿ ಡೆಂಗ್ಯೂ. ನಾಲ್ಕು ದಿನದಲ್ಲಿ ಮುಗಿಯಿತು... ನನಗೂ ರೊಸಾಲಿನ್‌ಗೂ ಇದ್ದದ್ದು ಅವಳೊಬ್ಬಳೇ ಮಗಳು.

ಮನೆಗೆ ಬಂದಾಗ ರೊಸಾಲಿನ್ ಅಡುಗೆಮನೆಯ ಮಧ್ಯದಲ್ಲಿ ನಿಂತಿದ್ದಳು.

"ಬಾಸಿಲ್, ಉಪ್ಪು ಎಲ್ಲಿ ಉಂಟು?"

ಮೊನ್ನೆಯೂ ಕೇಳಿದ್ದಳು. ಒಲೆಯ ಹಿಂದೆ ಮಾಲ್ಟ್ ಬಾಟ್ಲಿಯಲ್ಲಿ ಅಂದೆ. ಅವಳ ತಪ್ಪಲ್ಲ. ಹದಿನೈದು ವರ್ಷ ಕುವೈತಿನಲ್ಲಿ ಮಕ್ಕಳ ಐಸಿಯು ನರ್ಸ್. ವರ್ಷಕ್ಕೊಮ್ಮೆ ಒಂದು ತಿಂಗಳ ರಜೆ. ಒಂದು ತಿಂಗಳು ಹೇಗೆ ಇರುವುದೆಂದು ನಮಗಿಬ್ಬರಿಗೂ ಚೆನ್ನಾಗಿ ಗೊತ್ತು. ಮೀನು, ಬೀಚು, ನೆಂಟರ ಮನೆ, ಕೊನೆಯ ದಿನ ಸೂಟ್‌ಕೇಸ್ ತೂಕ ಮಾಡುವುದು. ಅದರ ನಂತರದ ದಿನ ಹೇಗಿರಬೇಕೆಂದು ಗೊತ್ತಿಲ್ಲ. ಈ ಸಲ ಅವಳು ಪೂರ್ತಿಯಾಗಿ ಬಂದದ್ದು. ಜೊವಿಟಾಳ ಕಾಲೇಜಿಗೆ ಅಂತ ರಾಜೀನಾಮೆ ಕೊಟ್ಟು, ಜುಲೈ ಕೊನೆಗೆ ಟಿಕೆಟ್ ತೆಗೆದಿದ್ದಳು. ಬಂದದ್ದು ಅದಕ್ಕಿಂತ ಮೊದಲು, ಮಣ್ಣು ಕೊಡಲಿಕ್ಕೆ.

ಸೂಟ್‌ಕೇಸ್ ಇನ್ನೂ ಮಂಚದ ಪಕ್ಕದಲ್ಲೇ ಇದೆ. ಬಟ್ಟೆ ಅದರಿಂದಲೇ ತೆಗೆಯುತ್ತಾಳೆ.

ಮೊದಲು ಇಂಥದ್ದನ್ನೆಲ್ಲ ರಾತ್ರಿ ಫೋನಿನಲ್ಲಿ ಅವಳಿಗೆ ಹೇಳುತ್ತಿದ್ದೆ. ಬಾಗಿಲು ಹಾಳಾದದ್ದು, ಮಳೆ ಬಂದದ್ದು. ಈಗ ಇಲ್ಲಿ ಬರೆಯುತ್ತಿದ್ದೇನೆ. ಅವಳು ಪಕ್ಕದ ಕೋಣೆಯಲ್ಲೇ ಇದ್ದಾಳೆ.

ಸೆಪ್ಟೆಂಬರ್ 5, ಗುರುವಾರ

ರೊಸಾಲಿನ್ ಒಂದು ನರ್ಸಿಂಗ್ ಹೋಮಿಗೆ ಇಂಟರ್‌ವ್ಯೂಗೆ ಹೋಗಿದ್ದಳು. ನಾನೇ ಬಿಟ್ಟದ್ದು. ಹಿಂದಿನ ಸೀಟಿನಲ್ಲಿ ಕೂತಳು. ಬೇಗನೆ ವಾಪಸ್ ಬಂದಳು.

"ಎಂತ ಹೇಳಿದ್ರು?"

"ಆಂಟಿ, ನಿಮಗೆ ಡ್ರಿಪ್ ಸೆಟ್ ಮಾಡ್ಲಿಕ್ಕೆ ಬರ್ತದಾ ಅಂತ ಇಂಟರ್‌ವ್ಯೂ ಮಾಡಿದ ಹುಡುಗಿ ಕೇಳಿದ್ಲು. ಜೊವಿಟಾಗಿಂತ ಐದಾರು ವರ್ಷ ದೊಡ್ಡವಳಿರಬಹುದು."

"ನೀನು ಎಂತ ಹೇಳಿದಿ?"

"ಬರ್ತದೆ ಮಗಾ ಅಂದೆ."

ಇಬ್ಬರೂ ನಕ್ಕೆವು. ಜುಲೈಯ ನಂತರ ಮೊದಲ ಸಲ. ನಕ್ಕದ್ದು ಗೊತ್ತಾದ ಕೂಡಲೇ ಇಬ್ಬರೂ ನಿಲ್ಲಿಸಿದೆವು. ಮೊದಲ ಆರು ತಿಂಗಳು ಟ್ರೈನಿಯಂತೆ. ಹೋಗುವುದಿಲ್ಲ ಅಂದಳು.

(ಮನೆಯಲ್ಲಿ ಮಾತೆಲ್ಲ ಕೊಂಕಣಿ. ಬರೆಯಲು ನನಗೆ ಬರುವುದು ಶಾಲೆಯಲ್ಲಿ ಕಲಿತ ಕನ್ನಡ ಮಾತ್ರ.)

ಸೆಪ್ಟೆಂಬರ್ 8, ಭಾನುವಾರ. ಮಧ್ಯಾಹ್ನ

ತೆನೆ ಹಬ್ಬ. ನಮಗೆ ಈ ವರ್ಷ ಹಬ್ಬದ ಊಟ ಇಲ್ಲ, ಸಾವಿನ ಮನೆ. ಇಗರ್ಜಿಯಲ್ಲಿ ಪಾದ್ರಿ ಆಶೀರ್ವದಿಸಿ ಕೊಟ್ಟ ತೆನೆ ಮಾತ್ರ ತಂದೆ. ಭತ್ತ ಸುಲಿದು, ತೆಂಗಿನ ಹಾಲು, ಬೆಲ್ಲ ಹಾಕಿದೆ. ಮನೆಯವರೆಲ್ಲ ಸ್ವಲ್ಪ ಸ್ವಲ್ಪ ತಿನ್ನಬೇಕು. ದೂರ ಇದ್ದವರ ಪಾಲು ಲಕೋಟೆಯಲ್ಲಿ ಹಾಕಿ ಅಂಚೆಗೆ ಕೊಡುವುದು ಕ್ರಮ. ಹದಿನೈದು ವರ್ಷ ಹಾಗೇ ಮಾಡಿದ್ದೇನೆ.

ಎರಡು ಬಟ್ಟಲು ಮೇಜಿನ ಮೇಲೆ ಇಟ್ಟೆ. ರೊಸಾಲಿನ್ ಒಂದರ ಮುಂದೆ ಕೂತು ತಿನ್ನತೊಡಗಿದಳು. ಅರ್ಧ ತಿಂದಿರಬೇಕು. ಆಮೇಲೆ ನೀರಿನ ಜಗ್ಗಿನ ಪಕ್ಕ ಇದ್ದದ್ದನ್ನು ನೋಡಿದಳು.

ಲಕೋಟೆ. ಒಳಗೆ ಕಾಗದದಲ್ಲಿ ಮಡಚಿದ ಭತ್ತ. ಮೇಲೆ ಅವಳ ಹೆಸರು, ಕುವೈತಿನ ಹಾಸ್ಟೆಲ್ ವಿಳಾಸ. ನನ್ನದೇ ಅಕ್ಷರ. ಯಾವಾಗ ಬರೆದೆ?

"ಇದು ನನ್ನ ಪಾಲಾ?"

ನಾನು ಜಗ್ಗು ಆಚೆ ಸರಿಸಿದೆ.

"ಹಾಗಾದ್ರೆ ಇದು ಯಾರದ್ದು?" ಅಂತ ತಾನು ತಿನ್ನುತ್ತಿದ್ದ ಬಟ್ಟಲು ತೋರಿಸಿದಳು.

ನಾನು ಖಾಲಿ ಕುರ್ಚಿ ನೋಡಿದೆ. ಅವಳಿಗೆ ಗೊತ್ತಾಯಿತು. ಚಮಚ ಮೆಲ್ಲನೆ ಕೆಳಗಿಟ್ಟಳು. ಬಟ್ಟಲನ್ನು ಜೊವಿಟಾ ಕೂರುತ್ತಿದ್ದ ಕಡೆಗೆ ಸರಿಸಿದಳು. ಅರ್ಧ ಉಳಿದಿತ್ತು.

ಕೈಗೆ ರೂಢಿಯಾದ ಲೆಕ್ಕ. ಇಲ್ಲಿ ಇಬ್ಬರು, ಅಲ್ಲಿ ಒಬ್ಬಳು. ತಲೆ ಅಲ್ಲ, ಕೈ ಮಾಡಿದ್ದು. ಅವಳಿಗೆ ಹಾಗೆ ಹೇಳಬೇಕಿತ್ತು.

ಸೆಪ್ಟೆಂಬರ್ 9

ಹೇಳಲಿಲ್ಲ.

ಸೆಪ್ಟೆಂಬರ್ 24, ಮಂಗಳವಾರ. ಸಂಜೆ

ಕುವೈತಿನ ಹಳೆಯ ಹಾಸ್ಪಿಟಲ್ ಅವಳನ್ನು ಪುನಃ ಕರೆದಿದೆ. ಅದೇ ವಾರ್ಡ್. ಅವಳೇ ಕೇಳಿದ್ದೋ ಅವರೇ ಕರೆದದ್ದೋ ಗೊತ್ತಿಲ್ಲ. "ಪೇಪರ್ ಎಲ್ಲಾ ಸರಿ ಉಂಟು, ಬೇಗ ಆಗ್ತದೆ" ಅಂದಳು. ನಾನು ಹ್ಞೂಂ ಅಂದೆ. ಮೀನು ತರಲು ಉರ್ವ ಮಾರ್ಕೆಟಿಗೆ ಹೋದೆ. ಮೀನು ತಾರದೆ ಬಂದೆ.

ಶಾಲೆಯ ಗೇಟಿನ ಹತ್ತಿರ ಮೋಹನದಾಸ್ ಸಿಕ್ಕಿದ್ದ. ಅವನದ್ದೂ ಸ್ಕೂಲ್ ವ್ಯಾನ್.

"ಎಂತ ಮಾರಾಯ, ಮುಖ ಪಂಕ್ಚರ್ ಆದ ಹಾಗೆ ಉಂಟು?"

ಹೇಳಿದೆ.

"ಬೇಡ ಅಂತ ಹೇಳ್ಲಿಲ್ವಾ ನೀನು?"

"ಇಲ್ಲ."

"ನಾನು ಇಲ್ಲಿ ವ್ಯಾನ್ ನಿಲ್ಲಿಸಿದ್ರೆ ಅರ್ಧ ಗಂಟೆ ಜಗಳ ಮಾಡ್ತಿ. ಹೆಂಡತಿ ಹತ್ರ ಒಂದು ಮಾತು ಹೇಳ್ಲಿಕ್ಕೆ ಆಗುದಿಲ್ಲ ನಿನಗೆ."

ಎಂತ ಹೇಳುವುದು? ಇರು ಅಂತ ಹೇಳಲು ಈ ಮನೆಯಲ್ಲಿ ಅವಳದ್ದು ಏನಿದೆ? ಉಪ್ಪಿನ ಜಾಗ ಕೂಡ...

ಅಕ್ಟೋಬರ್ 19, ಶನಿವಾರ

ದಸರಾ ರಜೆ ಮುಗಿಯುತ್ತ ಬಂತು. ಇಷ್ಟು ದಿನ ಬರೆಯಲಿಲ್ಲ. ಮಕ್ಕಳಿಲ್ಲದಿದ್ದರೆ ವ್ಯಾನಿಲ್ಲ, ವ್ಯಾನಿಲ್ಲದಿದ್ದರೆ ದಿನ ಹೋಗುವುದಿಲ್ಲ. ವೀಸಾ ಬಂತು. ಟಿಕೆಟ್ 28ಕ್ಕೆ. ನವೆಂಬರ್ ಎರಡು ಸತ್ತವರ ದಿನ. ಊರಿನವರೆಲ್ಲ ಸಮಾಧಿಗೆ ಹೂ, ಮೊಂಬತ್ತಿ ತರುತ್ತಾರೆ. ಜೊವಿಟಾಳಿಗೆ ಮೊದಲನೆಯದು. ಅಷ್ಟರವರೆಗಾದರೂ ಇರಬಹುದಿತ್ತು. ಕೇಳಲಿಲ್ಲ.

ಅಕ್ಟೋಬರ್ 27, ಭಾನುವಾರ. ಸಂಜೆ 5:30

ಬೆಳಿಗ್ಗೆ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದೆವು. ಸಮಾಧಿಯ ಹತ್ತಿರ ಅವಳು ಹುಲ್ಲು ಕಿತ್ತಳು. ಮನೆಗೆ ಬಂದು ಕೈ ತೊಳೆದು, ನೇರ ಜೊವಿಟಾಳ ಕೋಣೆಗೆ ಹೋದಳು.

"ಬಾಸಿಲ್, ಇಲ್ಲಿ ಬಾ. ಹ್ಯಾಂಡೋವರ್ ಕೊಡು."

ಅರ್ಥವಾಗಲಿಲ್ಲ. ಡ್ಯೂಟಿ ಮುಗಿಸಿ ಹೋಗುವ ನರ್ಸ್ ಬರುವ ನರ್ಸಿಗೆ ಬೆಡ್ಡಿನ ಪಕ್ಕ ನಿಂತು ಎಲ್ಲಾ ಹೇಳಬೇಕಂತೆ. ಏನೂ ಬಿಡಬಾರದಂತೆ. ಆ ಕೊನೆಯ ರಾತ್ರಿ ಅವಳು ಡ್ಯೂಟಿಯಲ್ಲಿದ್ದಳು, ಫೋನ್ ಲಾಕರಿನಲ್ಲಿ. ಹನ್ನೆರಡು ಗಂಟೆ ಹೊತ್ತು ಅವಳಿಗೆ ಏನೂ ಗೊತ್ತಿಲ್ಲ. ನಾನು ಈವರೆಗೆ ಹೇಳಿರಲಿಲ್ಲ, ಅವಳು ಕೇಳಿರಲಿಲ್ಲ.

ಕೂರಲು ಹೋದೆ. "ಕೂತು ಅಲ್ಲ," ಅಂದಳು. ಮಂಚದ ಆ ಕಡೆ ಅವಳು, ಈ ಕಡೆ ನಾನು.

"ಪೇಶೆಂಟ್ ಹೆಸರಿನಿಂದ ಶುರು ಮಾಡು."

"ಜೊವಿಟಾ."

"ಪ್ರಾಯ?"

"ರೊಸಾ..."

"ಹೇಳು."

"ಹದಿನೇಳು."

ಹೇಳಿದೆ. ಗಂಟೆ ಎಷ್ಟು ಅಂತ ಅವಳು ಕೇಳುತ್ತಿದ್ದಳು. ನಾನು ಗಡಿಯಾರ ನೋಡಿರಲಿಲ್ಲ. ಆಸ್ಪತ್ರೆಯ ಕ್ಯಾಂಟೀನಿನವನು ಶಟರ್ ಎಳೆಯುವಾಗ ಜೊವಿಟಾ ಹೊಟ್ಟೆನೋವು ಅಂದಳು. ನೆಲ ಒರೆಸುವವಳು ಬಂದಾಗ ಕೈಕಾಲು ತಣ್ಣಗಾಗಿತ್ತು. ಕಾಗೆ ಕೂಗುವಾಗ ಐಸಿಯು ಒಳಗೆ ಕರೆದುಕೊಂಡು ಹೋದರು. ಡಾಕ್ಟರು ಓಡಾಡಿದರು, ಯಾರೂ ಸುಮ್ಮನೆ ನಿಲ್ಲಲಿಲ್ಲ.

"ಸಂಜೆ ಜ್ವರ ಇಳಿಯಿತು ಅಂತ ನಿನಗೆ ಮೆಸೇಜ್ ಹಾಕಿದ್ದೆ," ಅಂದೆ. "ಖುಷಿಯಲ್ಲಿ."

"ನೋಡಿದೆ. ಡೆಂಗ್ಯೂವಿನಲ್ಲಿ ಜ್ವರ ಇಳಿಯುವಾಗಲೇ ಭಯ ಪಡಬೇಕಾದ್ದು. ನಿನಗೆ ಗೊತ್ತಿರ್ಲಿಕ್ಕಿಲ್ಲ, ನನಗೆ ಗೊತ್ತು. ನೋಡಿ, ದೇವರಿಗೆ ಸ್ತೋತ್ರ ಅಂತ ಹೇಳಿ, ಫೋನ್ ಲಾಕರಿಗೆ ಹಾಕಿ ಹೋದೆ."

ದಿಂಬಿನ ಬಟ್ಟೆ ಸರಿಮಾಡಿದಳು. ಸರಿಯಾಗಿಯೇ ಇತ್ತು.

"ಏನಾದ್ರೂ ಕೇಳಿದ್ಲಾ?"

ಇದನ್ನು ಬಿಡಬಹುದೆಂದುಕೊಂಡಿದ್ದೆ. ಏನೂ ಬಿಡಬಾರದು ಅಂದಿದ್ದಳಲ್ಲ.

"ಮಮ್ಮಿಯ ಡ್ಯೂಟಿ ಎಷ್ಟಕ್ಕೆ ಮುಗಿಯುವುದು ಅಂತ ಕೇಳಿದ್ಲು. ಏಳಕ್ಕೆ ಅಂದೆ. ಅಲ್ಲಿಯ ಏಳಾ, ಇಲ್ಲಿಯ ಏಳಾ ಅಂದ್ಲು. ಅಲ್ಲಿಯದ್ದು ಅಂದೆ. ಹಾಗಾದ್ರೆ ಇಲ್ಲಿಯ ಒಂಬತ್ತೂವರೆ, ಅಷ್ಟರವರೆಗೆ ಇರ್ತೇನೆ ಅಂದ್ಲು."

ಒಂಬತ್ತೂವರೆ ಆಗಲಿಲ್ಲ. ಅದು ಅವಳಿಗೆ ಗೊತ್ತು.

ಮಂಚದ ಅಂಚು ಹಿಡಿದು ಹೇಳಿದಳು, "ಆ ರಾತ್ರಿ ನನಗೆ ಎರಡು ಬೆಡ್ ಕೊಟ್ಟಿದ್ರು. ಎರಡೂ ಮಕ್ಕಳು ಉಳಿದವು."

ಆಗ ಹೇಳಿದೆ. ಹೋಗಬೇಡ ರೊಸಾ. ಮಂಚ ಸುತ್ತಿ ಹೋಗಿ ಅವಳ ಕೈ ಹಿಡಿದೆ. ಎರಡು ಸಲ ಹೇಳಿದೆ. ಮೋಹನದಾಸ್ ಇದ್ದಿದ್ದರೆ ನಂಬುತ್ತಿರಲಿಲ್ಲ.

ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ಇಲ್ಲಿ ಇದ್ರೆ ಅವಳು ಇಲ್ಲ, ಬಾಸಿಲ್. ಪ್ರತಿ ಕೋಣೆಯಲ್ಲೂ ಇಲ್ಲ. ಅಲ್ಲಿ ಹೋದ್ರೆ... ಹದಿನೈದು ವರ್ಷ ಅವಳು ಊರಲ್ಲಿ ನಿನ್ನ ಹತ್ರ ಇದ್ಲು. ಅಲ್ಲಿಂದ ನೋಡಿದ್ರೆ ಈಗಲೂ ಹಾಗೇ ಕಾಣಬಹುದು. ನೀನು ಬಟ್ಟಲು ಇಟ್ಟ ಹಾಗೆ."

ನನಗೆ ಯಾವ ಕಡೆಯಿಂದ ನೋಡಬೇಕು ಅಂತ ಅವಳು ಹೇಳಲಿಲ್ಲ.

ಆಮೇಲೆ ಆ ಲಕೋಟೆ ಎಲ್ಲಿ ಅಂತ ಕೇಳಿದಳು. ಕೊಟ್ಟೆ. ವಿಳಾಸ ಓದಿ ನೋಡಿ, ಸರಿ ಉಂಟು ಅಂತ ಬ್ಯಾಗಿಗೆ ಹಾಕಿದಳು. ಬರುವ ವರ್ಷವೂ ಕಳಿಸು ಅಂದಳು.

ಸೂಟ್‌ಕೇಸ್ ಈಗಲೇ ವ್ಯಾನಿನ ಹಿಂದೆ ಇಟ್ಟು ಬಂದೆ. ಬಾಗಿಲು ಹಾಕಲು ಆಗಲಿಲ್ಲ, ಹಗ್ಗ ಕಟ್ಟಿದೆ. ನಾಳೆ ಶಾಲೆ ಉಂಟು. ಮಕ್ಕಳನ್ನು ಬಿಟ್ಟು ಹಾಗೇ ಬಜ್ಪೆ ಏರ್‌ಪೋರ್ಟಿಗೆ. ಹಿಂದೆ ಪೂರ್ತಿ ಮಕ್ಕಳು, ಜಾಗ ಇಲ್ಲ. ರೊಸಾಲಿನ್ ಮುಂದಿನ ಸೀಟಿನಲ್ಲಿ ಕೂರಬೇಕು.