ಅಮ್ಮನ ಬಿಳಿ ಕಣಗಳು

ಅಂಗಡಿಯಿಂದ,
ಮಾರ್ಚ್ ೧೪, ಬೆಳಿಗ್ಗೆ

ಪ್ರೀತಿಯ ಗುಬ್ಬೀ,

ಹೇಗಿದ್ದೀಯಮ್ಮಾ? ಕೆಮ್ಮು ಬಿಟ್ಟಿತೇ? ಅಳಿಯಂದಿರ ಸೊಂಟನೋವು ಹೇಗಿದೆ? ನಾನು ಚೆನ್ನಾಗಿದ್ದೇನೆ, ಹೊಲಿಗೆಯೂ ಒಂದಿಷ್ಟು ಬರುತ್ತಿದೆ. ಕಾಜಾ ಮಾಡಿ ಗುಂಡಿ ಹಚ್ಚಲು ಮಾತ್ರ ಯಾರೂ ಇಲ್ಲ. ಅಮ್ಮ ಹೋಗಿ ಐದು ವಾರವಾಯಿತು.

ಫೋನಿನಲ್ಲಿ ಹೇಳಹೊರಟರೆ ಬೇರೇನೋ ಮಾತಾಡಿ ಇಟ್ಟುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಅಮ್ಮ ಆಸ್ಪತ್ರೆಯ ಸಂಶೋಧನೆಗೆ ಸೇರಿದ್ದು ನಿನಗೆ ಗೊತ್ತಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ಊತವನ್ನೂ ತಗ್ಗಿಸುತ್ತದೆಯೇ ಎಂದು ಅವರು ನೋಡುತ್ತಿದ್ದರು. ರಕ್ತದಲ್ಲಿ ನಮ್ಮನ್ನು ಕಾಯುವ ಬಿಳಿ ಕಣಗಳಿವೆಯಂತೆ. ಅವು ಸುಮ್ಮಸುಮ್ಮನೆ ಕೆರಳಿದರೆ ಮೈಯೊಳಗೇ ಉರಿ, ಊತ. ಮಾತ್ರೆಗೆ ಮೊದಲೊಮ್ಮೆ, ಮೂರು ತಿಂಗಳು ನುಂಗಿದ ಮೇಲೊಮ್ಮೆ ರಕ್ತ ತೆಗೆದು, ಆ ಕಣಗಳನ್ನು ಬೇಕೆಂದೇ ಕೆರಳಿಸಿ ನೋಡುತ್ತಾರೆ. ದಿನವೂ ಮಾತ್ರೆ ನುಂಗಿ ಚೀಟಿಯಲ್ಲಿ ಒಂದು ಗೀಟು ಹಾಕಬೇಕಿತ್ತು. ಎರಡನೇ ವಾರಕ್ಕೇ ಅವಳಿಗೆ ಹೊಟ್ಟೆ ತೊಳಸತೊಡಗಿತು, ನುಂಗುವುದನ್ನು ಬಿಟ್ಟಳು. "ಆ ಡಾಕ್ಟ್ರಮ್ಮ ಪಾಪ, ಎಷ್ಟು ಆಸೆ ಇಟ್ಕೊಂಡಿದಾಳೆ. ಗೀಟು ನೀವೇ ಎಳೀರಿ, ಕೈ ಸವೆದು ಹೋಗುತ್ತಾ?" ಎಂದಳು. ಅಳತೆಯಿಲ್ಲದೆ ಬಟ್ಟೆಯ ಮೇಲೆ ಒಂದು ಗೆರೆ ಎಳೆಯದ ನಾನು ಎಪ್ಪತ್ತೊಂಬತ್ತು ಗೀಟು ಎಳೆದೆ.

ಮೊನ್ನೆ ಡಾಕ್ಟರಮ್ಮ ಅಂಗಡಿಗೇ ಬಂದಿದ್ದರು. "ಯಜಮಾನ್ರೇ, ಮಿಕ್ಕವರ ಕಣಗಳೆಲ್ಲ ಎಷ್ಟೋ ತಣ್ಣಗಾಗಿವೆ. ನಿಮ್ಮ ಮನೆಯೋರದ್ದು ಮಾತ್ರ ಮೊದಲಿನ ಹಾಗೇ ಸಿಡಿಮಿಡಿ ಅಂತಿವೆ. ತಲೆಬುಡ ಗೊತ್ತಾಗ್ತಿಲ್ಲ," ಎಂದರು. ನನಗೆ ನಗುವೂ ಬಂತು, ಅಳುವೂ ಬಂತು. ಸಿಡಿಮಿಡಿ ಅವಳದೇ ಅಲ್ಲವೇ! ಆ ಕಣಗಳಲ್ಲಿ ಸ್ವಲ್ಪವನ್ನು ಕಡುಚಳಿಯ ಪೆಟ್ಟಿಗೆಯಲ್ಲಿಟ್ಟಿದ್ದಾರಂತೆ, ಅವಿನ್ನೂ ಜೀವಂತವಾಗಿವೆಯಂತೆ. ಕಾರಣ ಸಿಗುವವರೆಗೆ ಇಟ್ಟುಕೊಳ್ಳುತ್ತಾರಂತೆ.

ಗುಬ್ಬೀ, ಕಾರಣ ನನ್ನ ಬಾಯಲ್ಲೇ ಇತ್ತು. ಹೇಳಿದರೆ ಅಮ್ಮನ ಹೆಸರು ಹೊಡೆದುಹಾಕಿ ಆ ಕಣಗಳನ್ನೂ ಎಸೆಯುತ್ತಾರೆ. ಹೇಳದಿದ್ದರೆ, ಕೆಲವರಿಗೆ ಈ ಮಾತ್ರೆ ನಾಟುವುದಿಲ್ಲವೆಂದು ಬರೆದುಬಿಡುತ್ತಾರೆ. ಊತದಿಂದ ನರಳುವ ಯಾರಿಗೋ ಅದು ತಪ್ಪಿಹೋಗುತ್ತದೆ. ಎರಡು ದಿನದಿಂದ ಕತ್ತರಿ ಹಿಡಿದು ಕೂತವನು ಅಂಗಿಯ ಒಂದು ತೋಳನ್ನೂ ಕತ್ತರಿಸಿಲ್ಲ. ಅವಳದೆಂದು ಜೀವವಿರುವುದು ಈ ಲೋಕದಲ್ಲಿ ಆ ಕಣಗಳಷ್ಟೇ.

ಅಳಿಯಂದಿರಿಗೆ ಕೇಳಿದೆನೆಂದು ಹೇಳು. ಇಬ್ಬರೂ ಚೆನ್ನಾಗಿರಿ.

ನಿನ್ನ
ಅಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲು ಆಸ್ಪತ್ರೆಗೆ ಹೋಗಿ ಬಂದೆ. ಹೇಳಿಬಿಟ್ಟೆ. ಡಾಕ್ಟರಮ್ಮ ಬೈಯಲಿಲ್ಲ. ನಾಳೆ ಹತ್ತಕ್ಕೆ ಆ ಕಣಗಳನ್ನು ಪೆಟ್ಟಿಗೆಯಿಂದ ತೆಗೆದು ಎಸೆಯುತ್ತಾರಂತೆ, ನಾನು ಬಾಗಿಲ ಹೊರಗೆ ನಿಲ್ಲಬಹುದಂತೆ. ಈ ಕಾಗದ ನಿನ್ನ ಕೈಸೇರುವಷ್ಟರಲ್ಲಿ ಆಗಿಹೋಗಿರುತ್ತದೆ. ನಿನ್ನನ್ನು ಕೇಳಲಿಲ್ಲವೆಂದು ಕೋಪಿಸಿಕೊಳ್ಳಬೇಡ. ಕೇಳಿದ್ದರೆ ನೀನು ಬೇಡವೆನ್ನುತ್ತಿದ್ದೆ, ನಾನೂ ಒಪ್ಪಿಬಿಡುತ್ತಿದ್ದೆ.