ಠಾಕಪ್ಪ ಹೇಳದ ಮಾತು

ಹಳಿಯಾಳ
೧೪-೭-೨೦೨೫, ಸೋಮವಾರ

ಚಿರಂಜೀವಿ ತಮ್ಮ ಪುಂಡಲೀಕಗ ಅಕ್ಕ ಸುಶೀಲವ್ವ ಮಾಡುವ ಆಶೀರ್ವಾದ.

ನಾ ಇಲ್ಲಿ ಆರಾಮ ಅದೇನಿ. ನೀನು, ಮಾಯಾ ಹೆಂಗದೀರಿ? ರಾಮನಗರದಾಗ ಮಳಿ ಬಿಟ್ಟೂಬಿಡದ ಹೊಡದೈತಿ ಅಂತ ಬಸ್ಸಿನವರು ಹೇಳ್ತಾರ. ನಿನ್ನ ಹೇಣ್ತಿ ಮಾಯಾಗ ಮೊಣಕಾಲಿಗೆ ಎಣ್ಣಿ ತಿಕ್ಕೋ ಅಂತ ಹೇಳು. ಆಕಿ ಕೇಳೂದಿಲ್ಲ, ಆದ್ರೂ ಹೇಳು. ಹೊಸಾ ಅಂಗಡ್ಯಾಗ ಹಿಂಡಿ ಚೀಲ ನೆಲಕ್ಕ ಇಡಬ್ಯಾಡ, ಬೂಸಲು ಹಿಡೀತಾವ, ಕೆಳಗ ಹಲಗಿ ಹಾಕು. ಇಷ್ಟೆಲ್ಲಾ ಫೋನಿನ್ಯಾಗೂ ಹೇಳಬಹುದಿತ್ತು. ಆದ್ರ ಫೋನ್ ಹಚ್ಚಿದ್ರ ನೀ ನಡುವ ಬಾಯಿ ಹಾಕ್ತಿ, ನನ್ನ ಸಿಟ್ಟು ನೆತ್ತಿಗೇರತೈತಿ, ಹೇಳೂದು ಅಲ್ಲೇ ಉಳೀತೈತಿ. ಅದಕ್ಕ ಈ ಕಾಗದ.

ಗುರುವಾರ ಠಾಕಪ್ಪನ ಪರಿಹಾರದ ವಿಚಾರಣಿ ಆತು. ನೀ ಬರಲಿಲ್ಲ, ನಿನ್ನ ವಕೀಲ ಬಂದಿದ್ದ. ನಿನಗ ಮೀಸಿ ಬರೂಕ್ಕಿಂತ ಮೊದಲಿಂದ ನಮ್ಮ ಅಂಗಡ್ಯಾಗ ಹೊಟ್ಟು ಹಿಂಡಿ ಹೊತ್ತು, ಬಂದವರ ಎತ್ತಿಗೆ ಮೂಗುದಾರ ಪೋಣಿಸಿಕೊಟ್ಟ ಮನಶಾ ಅವ. ಅವನ ಬಲಗೈಯಾಗ ಈಗ ಹೆಬ್ಬಟ್ಟೊಂದ ಉಳದೈತಿ. ನಿನ್ನ ವಕೀಲ ಎದ್ದು ನಿಂತು, ದೀಪಾವಳಿ ಅಮಾಸಿ, ಹಬ್ಬದ ದಿನ, ಈ ಮನಶಾ ಕುಡದು ಗಿರಣಿಯೊಳಗ ತಾನಾಗೇ ಕೈ ಹಾಕ್ಯಾನ, ಕುಡದವಗ ಪರಿಹಾರ ಇಲ್ಲ ಅಂದ. ಪುಂಡಲೀಕ, ಠಾಕಪ್ಪ ತಂಬಾಕ ಸೈತ ತಿನ್ನಾವಲ್ಲ. ಈ ಮಾತು ಆ ವಕೀಲಗ ಹೆಂಗ ಹೊಳೀತು ಅಂತ ನಾ ಕೇಳೂದಿಲ್ಲ, ನಿನಗ ಗೊತ್ತೈತಿ.

ವಿಚಾರಣಿ ಮಾಡೂ ಜಡ್ಜ್ ಬಾಯಾರು ಭಾಳ ಸಮಾಧಾನದವರು. ಠಾಕಪ್ಪ, ಗಿರಣಿ ಚಕ್ರದ ಓಡೂ ಪಟ್ಟಾದಾಗ ಕೈ ಯಾಕ ಹಾಕಿದ್ರಿ, ಕಾರಣ ಹೇಳ್ರಿ ಅಂತ ತಾವಾಗೇ ಕೇಳಿದ್ರು. ಮತ್ತೊಮ್ಮೆ ಕೇಳಿದ್ರು. ಕೈ ಜಾರಿತ್ರಿ ಅಂದ, ಅಷ್ಟ. ನಾ ಹಿಂದಿನ ಬಾಕಿನ ಮ್ಯಾಲೆ ಕುಂತಾಕಿ ದಂಗಾಗಿ ಹೋದೆ. ಖರೇ ಸಂಗತಿ ಅವನ ಅರ್ಜಿಯೊಳಗ ಇದ್ದೇ ಇರತೈತಿ, ನಿನಗೂ ಗೊತ್ತೈತಿ ಅಂತ ಇಷ್ಟು ದಿನ ತಿಳದಿದ್ದೆ. ಅವ ಯಾರಿಗೂ ಹೇಳೇ ಇಲ್ಲ.

ಏನಾತು ಅಂತ ಕೇಳು, ನೀ ಆಗ ಹೊರಗ ಗಲ್ಲಾದ ಪೂಜಿಯೊಳಗಿದ್ದಿ. ಗೊಂಜಾಳ ಕಾಳು ಒಡಿಯೂ ಗಿರಣಿಗೆ ಕುಂಕುಮ ಹಚ್ಚೂದಂದ್ರ ಚಕ್ರಕ್ಕ ಹಚ್ಚಬೇಕು, ಪಟ್ಟಾ ಮುಚ್ಚೂ ತಂತಿ ಜಾಳಗಿಗೆ ಹಚ್ಚಿದ್ರ ದೇವರಿಗೆ ಮುಟ್ಟೂದಿಲ್ಲ ಅಂತ ನಮ್ಮ ಪದ್ಧತಿ. ಹಚ್ಚಿದ ಕುಂಕುಮ ಅವತ್ತ ಅಳಿಸಬಾರದು ಅಂತ ಬಿಚ್ಚಿದ ಜಾಳಗಿ ಮರುದಿನದತನಕ ಹಾಕೂದಿಲ್ಲ. ಹಂಗ ಪಟ್ಟಾ ತೆರದಿಟ್ಟು, ಒಂದು ಬೊಗಸಿ ಗೊಂಜಾಳ ಸುರುವಿ ಗಿರಣಿ ಚಾಲೂ ಮಾಡ್ತೀವಿ. ನಾ ಇಳಕಲ್ ಸೀರಿ ಉಟ್ಟು, ಆರತಿ ಹಿಡದು ಮುಂದ ನಿಂತಿದ್ದೆ. ಸೆರಗು ಪಟ್ಟಾಕ್ಕ ಸಿಕ್ಕಿದ್ದು ಗೊತ್ತಾಗಿದ್ದು ಕುತ್ತಿಗಿ ಬಿಗಿದಾಗ. ಗಿರಣಿ ಬಂದ್ ಮಾಡೂ ಬಟನ್ ಆ ಕಡೀ ಗ್ವಾಡಿಗಿತ್ತು. ಠಾಕಪ್ಪ ಅಲ್ಲಿಗೆ ಓಡಲಿಲ್ಲ, ಓಡಿದ್ರ ನಾ ಉಳೀತಿರಲಿಲ್ಲ. ಸೀದಾ ಪಟ್ಟಾದೊಳಗ ಕೈ ಹಾಕಿದ. ನನ್ನ ಕುತ್ತಿಗಿ ಬಿಟ್ಟಿತು, ಗಿರಣಿ ಗಕ್ಕನ ನಿಂತಿತು, ಸೀರಿ ಪೂರಾ ನನ್ನ ಮೈಮ್ಯಾಲಿಂದ ಕಳಚಿ ಅವನ ಕೈಗೆ ಸುತ್ತಿತ್ತು. ಆ ಹೊತ್ತಿನ್ಯಾಗ ಅವ ಏನು ಮಾಡಿದ ಗೊತ್ತೇನು? ಎಡಗೈಲೆ ಖಾಲಿ ಚೀಲ ಎಳದು ನನ್ನ ಮೈಮ್ಯಾಲೆ ಒಗದು, ಆಮ್ಯಾಲೆ ನಿಮ್ಮನ್ನ ಕೂಗಿದ. ನೀವು ಬಂದು, ರಕ್ತ ನಿಲ್ಲಲಿ ಅಂತ ಅಕ್ಕ ಸೀರಿ ಬಿಚ್ಚಿ ಸುತ್ಯಾಳ ಅಂತ ತಿಳಕೊಂಡ್ರಿ. ನನಗ ಅವತ್ತು ಎಚ್ಚರಾ ಎಲ್ಲಿತ್ತು?

ಗುರುವಾರ ಹೊರಗ ಬಂದ ಮ್ಯಾಲೆ, ಯಾಕೋ ಹೇಳಲಿಲ್ಲ, ನಿನ್ನ ಪರಿಹಾರ ಮುಳುಗತೈತಿ ಅಂತ ಬೈದೆ. ಅವ ನನ್ನ ಮುಖಾ ನೋಡಲಿಲ್ಲ. ಅಷ್ಟು ಮಂದಿ ಮುಂದ ನಿಮ್ಮ ಸೀರಿ ಮಾತು ಹೆಂಗ ತಗೀಲ್ರಿ ಅಕ್ಕಾರ, ಅಂದ. ಬಾಜೂಕ ಅವನ ಹೇಣ್ತಿ ಲಲಿತಾಬಾಯಿ ನಿಂತಿದ್ಲು, ಆಕಿಗೂ ಅವತ್ತ ಗೊತ್ತಾಗಿದ್ದು. ಎಮ್ಮಿ ಹಾಲು ಹಿಂಡೂದು ಈಗ ಆಕಿ ಒಬ್ಬಾಕಿ ಪಾಲಿಗೆ ಬಂದೈತಿ. ಗಂಡನ ಮೊಂಡಗೈ ತನ್ನ ಸೆರಗಿನ್ಯಾಗ ಹಿಡಕೊಂಡು ನಿಂತಳು. ತಮ್ಮಾ, ಇಂಥಾ ಮಂದಿ ಇರತಾರ ಅಂತ ಕಥಿಯೊಳಗ ಕೇಳಿದ್ದೆ. ಇಷ್ಟು ವರ್ಸ ನಮ್ಮ ಹೊಟ್ಟಿನ ಚೀಲ ಹೊತ್ತವ ಅಂಥಾವ ಅಂತ ತಿಳದು ನನಗ ಮೈ ಜುಮ್ ಅಂದೈತಿ. ನಾಕು ದಿನಾ ಆತು, ಉಣ್ಣಾಕ ಕುಂತ್ರೂ ಅದ, ಅಡ್ಡಾದ್ರೂ ಅದ.

ಮಾಯಾಗ ನನ್ನ ಆಶೀರ್ವಾದ ಹೇಳು. ಮೈ ಕಡೆ ಲಕ್ಷ್ಯ ಇರಲಿ, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಕ್ಕ
ಸುಶೀಲವ್ವ

ತಾ.ಕ.: ಟಪಾಲಿಗೆ ಹೊತ್ತಾತು, ಗಡಿಬಿಡಿಲೆ ಬರೀತೇನಿ. ಬರೂ ವಿಚಾರಣಿಯೊಳಗ ನಾ ಠಾಕಪ್ಪನ ಸಾಕ್ಷಿ. ಸೀರಿ ಕಳಚಿದ್ದೂ ನನ್ನ ಬಾಯಿಲೆ ನಾನ ಹೇಳಾಕಿ. ವಿಚಾರಣಿ ನಾಗರ ಪಂಚಮಿಗಿಂತ ಮೊದಲ ಐತಿ. ಕುಡದಿದ್ದ ಅನ್ನೂ ಮಾತು ಬಾಯಾರ ಮುಂದ ವಾಪಸ್ ತಗೊಂಡ್ರ ವರ್ಸಿನಂಗ ನನ್ನ ಪಂಚಮಿಗೆ ಕರಿಯಾಕ ಬಾ, ಉಂಡಿ ಕಟ್ಟಿ ದಾರಿ ನೋಡತೇನಿ. ಇಲ್ಲಂದ್ರ ಬರಬ್ಯಾಡ. ಈ ವರ್ಸ ನಾಗಪ್ಪಗ ಹಾಲು ಠಾಕಪ್ಪನ ಮನಿಯೊಳಗ ಎರೀತೇನಿ.